ಹನ್ನೊಂದನೇ ದಿನ ಇಫ್ತಾರ್ ಇಲ್ಲ

ವಗ್ದಿಯ ಜೊತೆ ನನ್ನ ಮೊದಲ ಜಗಳ ಆದದ್ದು ಸ್ಪೇಸ್ ಬಾರ್ ವಿಷಯಕ್ಕೆ.

ರಂಜಾನಿಗೆ ಇನ್ನೊಂದು ತಿಂಗಳಿತ್ತು. ಆ ದಿನಗಳಲ್ಲಿ ಟಾಂಟಾ ಊರಿನ ಪ್ರತಿಯೊಬ್ಬ ಅಂಗಡಿಯವನಿಗೂ ತನ್ನ ಹೆಸರಿರುವ ನಮಾಜಿನ ವೇಳಾಪಟ್ಟಿ ಬೇಕು. ಮೂವತ್ತು ದಿನ, ಐದು ನಮಾಜು ಮತ್ತು ಸೂರ್ಯೋದಯ ಸೇರಿ ದಿನಕ್ಕೆ ಆರು ಹೊತ್ತು, ಪಕ್ಕದಲ್ಲಿ ಜಾಹೀರಾತು. ಹಾಜಿ ಬಯೂಮಿಯವರ ಪ್ರೆಸ್ಸಿನಲ್ಲಿ ಪುಟ ಜೋಡಿಸುವವಳು ನಾನೊಬ್ಬಳೇ. ಕೈ ಸಾಲದೆಂದು ಅವರು ವಗ್ದಿಯನ್ನು ಕರೆತಂದರು. ಹತ್ತು ವರ್ಷ ಅಂಗಡಿ ಬೋರ್ಡು ಬರೆದವನು. ಫ್ಲೆಕ್ಸ್ ಬಂದು ಕುಂಚಕ್ಕೆ ಕೆಲಸವಿಲ್ಲದೆ ಕಂಪ್ಯೂಟರಿನ ಮುಂದೆ ಕೂತಿದ್ದ.

ಅವನ ಮೊದಲ ಪಟ್ಟಿ ನೋಡಲು ಚೆನ್ನಾಗಿಯೇ ಇತ್ತು. ಕಾಣದ ಗುರುತುಗಳನ್ನು ತೋರಿಸುವ ಕೀ ಒತ್ತಿದೆ. ಅಂಕಿ ಅಂಕಿಯ ನಡುವೆ ಚುಕ್ಕಿಗಳು, ಸಕ್ಕರೆಗೆ ಮುತ್ತಿದ ಇರುವೆಗಳ ಹಾಗೆ.

“ಇದೇನಿದು?”

“ಸ್ಪೇಸು.”

“ಎಷ್ಟು ಹೊಡೆದಿದ್ದೀಯ ಮಾರಾಯಾ?”

“ಸರಿ ಕಾಣೋವರೆಗೂ.”

“ಟ್ಯಾಬ್ ಅಂತ ಒಂದು ಕೀ ಇದೆ, ಗೊತ್ತಾ?”

“ಕಣ್ಣು ಅಂತ ಎರಡಿವೆ. ನನಗೆ ಅವೇ ಸಾಕು.”

ನಾನು ಫಾಂಟ್ ಬದಲಿಸಿದೆ. ನೆಟ್ಟಗಿದ್ದ ಕಾಲಮ್ಮುಗಳೆಲ್ಲ ಸೊಟ್ಟಗಾದವು. ಅವನು ಪರದೆ ನೋಡಿದ, ಆಮೇಲೆ ನನ್ನನ್ನು ನೋಡಿದ. ತಪ್ಪು ಮಾಡಿ ಸಿಕ್ಕಿಬಿದ್ದವನು ನಗಬಾರದು. ಅವನು ನಕ್ಕ, ಎಡಗೆನ್ನೆಯಲ್ಲಿ ಗುಳಿ ಬಿತ್ತು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ ಅಂತಲೇ ಸಿಟ್ಟು ಬಂತು.

“ಕಲಿಸಿಕೊಡಿ ಹಂಗಾದ್ರೆ, ಮೇಡಂ ಇಬ್ತಿಹಾಲ್,” ಅಂದ.

ಕಲಿಸಿದೆ. ನಮ್ಮ ಅರಬಿ ಬರಹ ಬಲದಿಂದ ಎಡಕ್ಕೆ, ಪರದೆಯ ಮೇಲಿನ ಅಳತೆಪಟ್ಟಿಯೂ ಬಲದಿಂದಲೇ ಶುರು. ಪ್ರತಿ ಹೊತ್ತಿಗೂ ಪಟ್ಟಿಯ ಮೇಲೆ ಒಂದೊಂದು ಗುರುತು ನೆಡಬೇಕು.

“ಗುರುತಿನಿಂದ ಗುರುತಿಗೆ ಒಂದೇ ಟ್ಯಾಬ್. ಎರಡು ಹೊಡೆದ್ರೆ ನಡುವಿನ ಮನೆ ಖಾಲಿ ಬೀಳುತ್ತೆ. ತಿಳೀತಾ?”

“ಒಂದೇ?”

“ಒಂದೇ. ಅಳತೆಪಟ್ಟಿ ನೋಡು, ನನ್ನನ್ನಲ್ಲ.”

“ಎರಡೂ ಒಂದೇ ಕಡೆ ಇವೆಯಲ್ಲ, ನಾನೇನು ಮಾಡ್ಲಿ?”

ಇಂಥ ಮಾತಿಗೆಲ್ಲ ಅವನ ಬಾಯಿ ಮುಂದು. ಆದರೆ ಆಡಬೇಕಾದ ಒಂದು ಮಾತು ಮಾತ್ರ ಆಡಲೊಲ್ಲ. ಎರಡು ವಾರ ಕಾದೆ. ಅವನು ಮೌಸ್ ಹಿಡಿದ ಬೆರಳುಗಳನ್ನು ನೋಡುತ್ತ ಕೂರುವುದೇ ನನ್ನ ಕೆಲಸವಾಯಿತು. ಉಗುರಿನ ಸಂದಿನಲ್ಲಿ ಹಳೆಯ ನೀಲಿ ಬಣ್ಣ ಇನ್ನೂ ಹಾಗೇ ಇತ್ತು.

ಅಷ್ಟರಲ್ಲಿ ಮನೆಗೆ ಸಂಬಂಧ ಬಂತು. ಡಾಕ್ಟರ್ ಖುಲೂಸಿ, ಔಷಧದ ಅಂಗಡಿಯವರು; ನಮ್ಮಲ್ಲಿ ಅವರನ್ನೂ ಡಾಕ್ಟರ್ ಅಂತಲೇ ಕರೆಯುವುದು. ಸ್ವಂತ ಫ್ಲ್ಯಾಟು, ಸ್ವಂತ ಕಾರು, ಎರಡರಲ್ಲೂ ಏಸಿ. ಗುರುವಾರ ಅಪ್ಪ ಅವರಿಗೆ ಉತ್ತರ ಹೇಳಬೇಕು.

“ನಿನ್ನ ಮನಸ್ಸಲ್ಲಿ ಬೇರೆ ಯಾರಾದ್ರೂ ಇದ್ರೆ ಈಗಲೇ ಹೇಳು ಮಗಳೇ. ಇಲ್ಲಾಂದ್ರೆ ಹೂಂ ಅಂದುಬಿಡ್ತೀನಿ,” ಅಂದರು ಅಪ್ಪ.

ಬಾಯಿ ಬಿಡದವನನ್ನು ಇದ್ದಾನೆ ಅನ್ನುವುದು ಹೇಗೆ? ಮರುದಿನ ವಗ್ದಿಗೇ ಹೇಳಿದೆ.

“ಗುರುವಾರ ಅಪ್ಪ ಡಾಕ್ಟರಿಗೆ ಹೂಂ ಅಂತಾರೆ.”

ಅವನ ಮುಖ ಇಳಿಯಿತು. “ಒಳ್ಳೆಯವರು. ಫ್ಲ್ಯಾಟ್ ಇದೆ.”

“ನಿನಗೇನನ್ಸುತ್ತೆ ಅಂತ ಕೇಳಿದ್ದು.”

“ನನಗೆ ಫ್ಲ್ಯಾಟ್ ಇಲ್ಲ,” ಅಂದು ಎದ್ದು ಟೀ ತರಲು ಹೋದ.

ಆ ಹೊತ್ತಿಗೆ ನನ್ನ ಪರದೆಯ ಮೇಲಿದ್ದದ್ದು ಅದೇ ಡಾಕ್ಟರರ ವೇಳಾಪಟ್ಟಿ. ಫೋಟೋ ದೊಡ್ಡದು ಮಾಡಿ ಎಂದು ಮೂರು ಸಲ ಹೇಳಿ ಕಳಿಸಿದ್ದರು. ಎಡಗಡೆಯ ಅರ್ಧ ಹಾಳೆ ಅವರ ಮುಖವೇ ಆಗಿತ್ತು. ಹನ್ನೊಂದನೇ ಸಾಲು ಟೈಪ್ ಮಾಡುತ್ತಿದ್ದಾಗ ವಗ್ದಿ ಟೀ ಹಿಡಿದು ಬಂದ. ಅವನ ಕಣ್ಣು ಕೆಂಪಗಿತ್ತು. ನಾನು ಎಷ್ಟು ಹೊತ್ತು ನೋಡುತ್ತ ಕೂತೆನೋ ನನಗೇ ಗೊತ್ತಿಲ್ಲ.

ಬುಧವಾರ ಬೆಳಿಗ್ಗೆ, ಮೂರು ಸಾವಿರ ಪ್ರತಿ ಅಚ್ಚಾಗಿ ಅಂಗಡಿ ಸೇರಿದ ಮೇಲೆ, ಡಾಕ್ಟರು ಒಂದು ಪ್ರತಿ ಹಿಡಿದು ಧುಮುಗುಡುತ್ತ ಬಂದರು.

“ಹಾಜಿ! ಹನ್ನೊಂದನೇ ದಿನ ಇಫ್ತಾರ್ ಎಷ್ಟು ಗಂಟೆಗೆ?”

ಹಾಜಿ ಕನ್ನಡಕ ಹಾಕಿಕೊಂಡು ಬೆರಳು ಜಾರಿಸಿದರು. ಉಪವಾಸ ಬಿಡುವ ಹೊತ್ತು, ಮಗ್ರಿಬ್, ಅದರ ಮನೆ ಖಾಲಿ. “ಇಲ್ವಲ್ಲ...”

“ಇಲ್ಲ! ಅವತ್ತು ಉಪವಾಸ ಬಿಡೋದೇ ಬೇಡ್ವಾ ಅಂತ ನಮ್ಮಮ್ಮ ಕೇಳ್ತಿದಾರೆ. ಸಕ್ಕರೆ ಕಾಯಿಲೆಯವರು ಸ್ವಾಮಿ!”

ಮಗ್ರಿಬ್ ಒಂದು ಮನೆ ಮುಂದಕ್ಕೆ ಜಿಗಿದು ರಾತ್ರಿಯ ನಮಾಜಾದ ಇಶಾದ ಜಾಗದಲ್ಲಿ ಕೂತಿತ್ತು. ಇಶಾ ಎಲ್ಲಿ? ಪರದೆಯ ಮೇಲೆ ಫೋಟೋ ಸರಿಸಿ ನೋಡಿದೆವು. ಡಾಕ್ಟರರ ಎಡಗಿವಿಯ ಹಿಂದೆ ಅಡಗಿತ್ತು.

“ನಂದೇ ತಪ್ಪು, ಹಾಜಿ,” ಎಂದ ವಗ್ದಿ. “ಕೊನೇಲಿ ಆ ಸಾಲು ನಾನು ಮುಟ್ಟಿದ್ದೆ.”

ಯಾರೂ ಅನುಮಾನಿಸಲಿಲ್ಲ. ವಗ್ದಿಗೂ ಟ್ಯಾಬಿಗೂ ಎಣ್ಣೆ ಸೀಗೆಕಾಯಿ ಎಂದು ಇಡೀ ಪ್ರೆಸ್ಸಿಗೇ ಗೊತ್ತು.

“ಇವನನ್ನ ಈಗಲೇ ಮನೆಗೆ ಕಳಿಸಿ,” ಎಂದರು ಡಾಕ್ಟರು. “ಇಲ್ಲಾಂದ್ರೆ ನನ್ನ ಕೆಲಸ ಇನ್ನು ಬೇರೆ ಪ್ರೆಸ್ಸಿಗೆ.”

ಹಾಜಿ ಹಣೆ ಉಜ್ಜಿಕೊಂಡರು. “ಏನ್ಮಾಡ್ಲಿ ಮಗಾ...” ವಗ್ದಿ ಮೇಲಂಗಿ ತೆಗೆದುಕೊಳ್ಳಲು ಗೂಟದ ಕಡೆ ನಡೆದ.

ಸುಮ್ಮನಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಅವನು ಮಾತ್ರ ಹೋಗುತ್ತಿದ್ದ, ಮತ್ತೆ ನಾಳೆ ಗುರುವಾರ. ಒಂದೇ ಟ್ಯಾಬ್ ಎಂದು ಊರಿಗೆಲ್ಲ ಉಪದೇಶ ಮಾಡಿದವಳು ನಾನು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

“ಅವನು ಏನೂ ಮುಟ್ಟಿಲ್ಲ ಹಾಜಿ. ಎರಡು ಟ್ಯಾಬ್ ಹೊಡೆದವಳು ನಾನು.”

“ನೀನಾ? ಏಳು ವರ್ಷದಲ್ಲಿ ಒಂದು ತಪ್ಪಿಲ್ಲ! ಕಣ್ಣು ಎಲ್ಲಿಟ್ಟಿದ್ದೆ ತಾಯಿ?”

“ವಗ್ದಿ ಮೇಲೆ.”

ಯಂತ್ರದ ಸದ್ದಿನಲ್ಲಿ ಹಾಜಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಿಡಿದರು. ಇನ್ನೊಮ್ಮೆ, ಗಂಟಲು ಹರಿಯುವ ಹಾಗೆ ಕೂಗಿ ಹೇಳಿದೆ. ಹಿಂದಿನ ಕೋಣೆಯಲ್ಲಿ ಹಾಳೆ ಮಡಚುತ್ತಿದ್ದ ಹೆಂಗಸರು ಬಾಗಿಲಿಗೆ ಬಂದು ನಿಂತರು.

ಡಾಕ್ಟರು ನನ್ನನ್ನು, ವಗ್ದಿಯನ್ನು, ಪರದೆಯ ಮೇಲಿನ ತಮ್ಮ ಮುಖವನ್ನು ಸರದಿಯಂತೆ ನೋಡಿದರು. ಆಮೇಲೆ ಟೈ ಸರಿ ಮಾಡಿಕೊಂಡರು.

“ನಿಮ್ಮ ತಂದೆಗೆ ನಾನೇ ಫೋನ್ ಮಾಡ್ತೀನಿ. ನನ್ನ ಫೋಟೋ ಎದುರಿಗಿದ್ರೂ ಬೇರೆಯವನನ್ನ ನೋಡೋ ಹುಡುಗಿ ನನಗೆ ಬೇಡ.” ಬಾಗಿಲ ಬಳಿ ಒಂದು ಕ್ಷಣ ನಿಂತರು. “ಫೋಟೋ ಸ್ವಲ್ಪ ಚಿಕ್ಕದು ಮಾಡಿ, ಹಾಜಿ. ಇಫ್ತಾರ್ ಮುಖ್ಯ.”

ವಗ್ದಿ ಮೇಲಂಗಿಯ ಒಂದೇ ತೋಳು ತೊಟ್ಟು ನಿಂತಿದ್ದ. “ನಿಜವಾ?”

“ಮೂರನೇ ಸಲ ಕೂಗಲ್ಲ. ಈಗ ನೀನು ಹೇಳು.”

“ಮೊದಲ ದಿನದಿಂದ,” ಅಂದ. “ಖಾಲಿ ಕೈಯವನು ಏನಂತ ಬಾಯಿ ಬಿಡ್ಲಿ ಅಂತ ಸುಮ್ನಿದ್ದೆ. ನಡಿ, ಇವತ್ತೇ ನಿಮ್ಮಪ್ಪನ ಹತ್ರ ಹೋಗೋಣ.”

ಹಾಜಿ ಇಬ್ಬರಿಗೂ ಅರ್ಧ ದಿನ ರಜೆ ಕೊಟ್ಟರು. ಬೀದಿಗಿಳಿದ ಮೇಲೆ ಅವನ ಹೆಜ್ಜೆ ನಿಧಾನವಾಯಿತು.

“ನಿನ್ನ ಹತ್ರ ಏನಿದೆ ಅಂತ ನಿಮ್ಮಪ್ಪ ಕೇಳ್ತಾರಲ್ವಾ?”

“ಕೇಳೇ ಕೇಳ್ತಾರೆ.”

“ಏನು ಹೇಳ್ಲಿ?”

“ಮಾಡದ ತಪ್ಪಿಗೆ ಇದ್ದ ಒಂದು ಕೆಲಸಾನೂ ಬಿಡೋಕೆ ಹೊರಟಿದ್ದೆ ಅಂತ ಹೇಳು,” ಅಂದೆ. “ಉಳಿದದ್ದು ನಾನು ಹೇಳ್ತೀನಿ.”