ಯೋಚ್ನೆ ಮಾಡಿ ಯೋಳ್ತೀನಿ

ವಿಮೆ ಏಜೆಂಟ್ ಯಶೋಧರಾ ಹಾಸನದ ಬಸ್ಸಿಳಿದು ಬರುವುದು ಬುಧವಾರ. ಅವತ್ತು ಬೆಳಿಗ್ಗೆ ಸುದರ್ಶನನ ಅಂಗಡಿಯಲ್ಲಿ ಒಂದು ಕುರ್ಚಿಗೆ ಮಾತ್ರ ಒದ್ದೆ ಬಟ್ಟೆಯ ಯೋಗ. ಅರಕಲಗೂಡಿನಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವವನು, ಕುರ್ಚಿಗೇನು ಬರವಿಲ್ಲ. ಆದರೆ ಅವಳು ಕೂರುವುದು ಆ ನೀಲಿ ಕುರ್ಚಿಯ ಮೇಲೆಯೇ.

"ನಿಮ್ಮ ಪೆಂಡಾಲ್ ಬಿದ್ದು ಯಾರಿಗಾದ್ರೂ ಪೆಟ್ಟಾದ್ರೆ ಆಸ್ಪತ್ರೆ ಖರ್ಚು, ಪರಿಹಾರ ಎಲ್ಲಾ ನಮ್ಮ ಕಂಪನಿ ನೋಡ್ಕೊಳ್ಳುತ್ತೆ. ಗಾಡಿಗೆ ಇನ್ಶೂರೆನ್ಸ್ ಮಾಡ್ಸಿದ್ದೀರ. ಜನಕ್ಕೆ ಬೇಡ್ವಾ?"

"ನಮ್ಮಪ್ಪನ ಕಾಲದಿಂದ್ಲೂ ಒಂದು ಗೂಟ ಅಲ್ಲಾಡಿಲ್ಲ ಮೇಡಂ."

"ಅಲ್ಲಾಡೋ ದಿನ ಅದು ಫೋನ್ ಮಾಡಿ ಹೇಳಲ್ಲ."

ಅವಳು ಹುಬ್ಬೇರಿಸಿದಳು. ಆ ಹುಬ್ಬಿನ ತುದಿಯಲ್ಲಿ ಬೆವರ ಹನಿಯೊಂದು ಇಳಿಯಲೋ ಬೇಡವೋ ಎಂದು ನಿಂತಿತ್ತು. ವಿಮೆ ಬೇಕೆಂದು ಸುದರ್ಶನನಿಗೆ ಮೊದಲ ದಿನವೇ ಮನವರಿಕೆಯಾಗಿತ್ತು. ಸಹಿ ಹಾಕಿದರೆ ಮುಂದಿನ ಬುಧವಾರ ಅವಳು ಬರುವುದಿಲ್ಲ, ಅಷ್ಟೇ ತೊಂದರೆ.

"ಯೋಚ್ನೆ ಮಾಡಿ ಯೋಳ್ತೀನಿ."

"ಎಷ್ಟು ಯೋಚ್ನೆ ಮಾಡ್ತೀರಪ್ಪಾ! ಹೆಣ್ಣು ನೋಡೋಕೆ ಹೋದ್ರೂ ಹಿಂಗೇನಾ?"

"ಹೆಣ್ಣು ನೋಡಿದ್ಮೇಲೇ ಈ ಯೋಚ್ನೆ ಸುರುವಾಗಿದ್ದು."

ಅವಳು ಚೀಲದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿದಳು. ಕಿವಿ ಕೆಂಪಾಗಿದ್ದು ಮಾತ್ರ ಅವನಿಗೆ ಕಂಡಿತು.

ಆ ಭಾನುವಾರ ರಾಮನಾಥಪುರದಲ್ಲಿ ಒಂದು ನಾಮಕರಣ. ಊಟದ ಹೊತ್ತಿಗೆ ಹೊಳೆ ಕಡೆಯಿಂದ ಎದ್ದ ಗಾಳಿ ಅವನ ಪೆಂಡಾಲನ್ನು ಬುಡಸಮೇತ ಎತ್ತಿತು. ಕಬ್ಬಿಣದ ಕಂಬ, ಎಲೆ ಮುಂದೆ ಕೂತಿದ್ದ ಸುವರ್ಣಮ್ಮನ ಬೆನ್ನಿನ ಮೇಲೆ ಬಿತ್ತು. ಕೂಲಿ ಮಾಡಿ ಮಗಳನ್ನು ಓದಿಸುತ್ತಿದ್ದ ಹೆಂಗಸು. ಇನ್ನು ನಡೆಯುವುದಿಲ್ಲ ಎಂದರು ಹಾಸನದ ಡಾಕ್ಟರು.

ಬುಧವಾರ ಕುರ್ಚಿ ಒರೆಸಿರಲಿಲ್ಲ. ಯಶೋಧರಾ ಬಂದವಳು ಬಾಗಿಲಲ್ಲೇ ನಿಂತಳು.

"ಈಗ ಮಾಡ್ಸಿದ್ರೆ ಆಗಕಿಲ್ವಾ ಮೇಡಂ?"

"ಆಗೋಗಿದ್ದಕ್ಕೆ ಆಗಲ್ಲ ಸುದರ್ಶನ್."

"ಗೊತ್ತು. ಸುಮ್ನೆ ಕೇಳ್ದೆ. ಗಾಡಿ, ಶಾಮಿಯಾನ, ಪಾತ್ರೆ ಎಲ್ಲಾ ಮಾರಿ ಆಯಮ್ಮಂಗೆ ಕೊಡ್ತೀನಿ. ಕೊಟ್ರೂ ಆಯಮ್ಮ ಎದ್ದು ನಡೆಯಕಿಲ್ವಲ್ಲ." ಅವಳ ಕಡೆ ತಿರುಗಿದ. "ನಂಗೆ ಬುದ್ಧಿ ಇರ್ಲಿಲ್ಲ ಅಂತಲ್ಲ ಮೇಡಂ. ನೀವು ಬರಾದು ನಿಂತೋಯ್ತದೆ ಅಂತ ಸೈನ್ ಆಕ್ಲಿಲ್ಲ."

ಇಂಥ ಮಾತನ್ನು ಇಂಥ ದಿನ ಯಾವ ಹೆಣ್ಣೂ ಕೇಳಬಾರದು. ಅವಳು ಆ ಧೂಳಿನ ಕುರ್ಚಿಯ ಮೇಲೆಯೇ ಕುಸಿದು ಕೂತಳು.

"ನಂಗೆ ಗೊತ್ತಿತ್ತು. ಒಂದ್ಸಲ ಗಟ್ಟಿಯಾಗಿ ಹೇಳಿದ್ರೆ ಹಾಕ್ತಿದ್ರಿ. ನಾನೂ ಹೇಳ್ಲಿಲ್ಲ. ಬುಧವಾರ ನಂಗೂ ಬೇಕಿತ್ತು."

ಇಬ್ಬರೂ ಅತ್ತರು, ಒಬ್ಬರ ಮುಖ ಒಬ್ಬರು ನೋಡದೆ. ಇಷ್ಟು ದಿನ ಕಾದಿದ್ದ ಮಾತು ಕೊನೆಗೂ ಸಿಕ್ಕಿತ್ತು. ಅದಕ್ಕೆ ಸಂತೋಷಪಡಲು ನಾಚಿಕೆಯಾಯಿತು.

ಭಾನುವಾರದಿಂದ ಸುವರ್ಣಮ್ಮನ ಮುಂದೆ ಹೋಗಿ ನಿಲ್ಲುವ ಧೈರ್ಯ ಸುದರ್ಶನನಿಗೆ ಬಂದಿರಲಿಲ್ಲ. ಈಗ ಎದ್ದು ಅಂಗಡಿಯ ಷಟರಿನ ಬೀಗ ಕೈಗೆತ್ತಿಕೊಂಡ.

"ಆಸ್ಪತ್ರೆಗಾ?"

"ಹೂಂ. ಯಾಕೆ ಇನ್ಶೂರೆನ್ಸ್ ಮಾಡ್ಸಿಲ್ಲ ಅಂತ ಆಯಮ್ಮನ ಮಗಳು ಕೇಳಿದ್ರೆ ಏನ್ ಯೋಳ್ಲಿ?"

"ನಿಜಾನೇ ಹೇಳಿ. ಪಕ್ಕದಲ್ಲಿ ನಾನೂ ನಿಂತಿರ್ತೀನಿ. ಉಗಿದ್ರೆ ಇಬ್ರಿಗೂ ಉಗೀಲಿ." ಸೆರಗಿನಿಂದ ಮುಖ ಒರೆಸಿಕೊಂಡಳು. "ಬರ್ಲಾ?"

'ಯೋಚ್ನೆ ಮಾಡಿ...' ಎಂಬ ರೂಢಿಯ ಮಾತು ಬಾಯಿ ತನಕ ಬಂತು. ನುಂಗಿಕೊಂಡ.

"ಬಾ," ಎಂದ. ಮೇಡಂ ಅನ್ನಲಿಲ್ಲ.