ಟೂವಾಳ ಗಾಡಿಯ ಸೆನ್ಸರ್

ಫೆಬ್ರುವರಿ ಒಂಬತ್ತು, ಸೋಮವಾರ, ಬೆಳಿಗ್ಗೆ 9.10. ಗ್ರಾನ್‌ಸೆಲೆ ಠಾಣೆಗೆ ಆನೆಲಿ ಸೋಡರ್‌ಬೆರಿ ಗಂಡ ಈವಾರನನ್ನು ಕರೆದುಕೊಂಡು ದೂರು ಕೊಡಲು ಬಂದಳು. ಆರು ದಿನದ ಹಿಂದೆ ಅವರ ಹದಿನಾರರ ಮಗಳು ಟೂವಾ ಶಾಲೆಯಿಂದ ಮರಳುವಾಗ, ಹೆದ್ದಾರಿಗೆ ತಿರುಗುವ ಏರಿನಲ್ಲಿ ಅವಳ ಗಾಡಿ ನಿಂತುಬಿಟ್ಟಿತ್ತು. ಹಿಂದೆ ಬರುತ್ತಿದ್ದ ದಿಮ್ಮಿ ಲಾರಿಗೆ ಬ್ರೇಕ್ ಹಾಕುವಷ್ಟು ಜಾಗವಿರಲಿಲ್ಲ. ಹುಡುಗಿ ಅಲ್ಲೇ ಹೋಗಿಬಿಟ್ಟಳು.

"ಅದಕ್ಕೆ ಮೂರು ದಿನ ಮೊದ್ಲು ಗ್ಯಾರೇಜಿನ ಬೆರ್ಟಿಲ್ ಗಾಡಿ ರಿಪೇರಿ ಮಾಡಿದ್ದ," ಆನೆಲಿ ಬಿಲ್ಲನ್ನು ಮೇಜಿನ ಮೇಲಿಟ್ಟಳು. "ಹೊಸ ಸೆನ್ಸರ್ ಹಾಕಿದೀನಿ ಅಂತ ಬರ್ದಿದಾನೆ. ಅವನನ್ನ ಬಿಡ್ಬೇಡ ಸಿಗ್ರಿಡ್."

ಇನ್‌ಸ್ಪೆಕ್ಟರ್ ಸಿಗ್ರಿಡ್ ಹೆಡ್‌ಮಾರ್ಕ್ ಬಿಲ್ಲು ನೋಡಿದಳು. ಎರಡು ಸಾವಿರ ಜನರ ಊರಿನಲ್ಲಿ ದೂರು ಕೊಡುವವರು, ಆರೋಪ ಹೊರುವವರು, ಬರೆದುಕೊಳ್ಳುವವರು ಎಲ್ಲರೂ ಒಂದೇ ಶಾಲೆಯಲ್ಲಿ ಓದಿದವರು. ಇದರಿಂದ ಪೊಲೀಸರ ಕೆಲಸ ಸಲೀಸು ಎಂದು ಹೊರಗಿನವರು ತಿಳಿಯುತ್ತಾರೆ. ಅವರಿಗೇನು ಗೊತ್ತು? ಈವಾರ್ ಟೊಪ್ಪಿ ಹಿಚುಕುತ್ತ ಕೂತಿದ್ದ. 9.40ಕ್ಕೆ ದೂರು ದಾಖಲಾಯಿತು.

11 ಗಂಟೆಗೆ ಠಾಣೆಯ ಹಿಂದಿನ ಶೆಡ್ಡಿನಲ್ಲಿ ಗಾಡಿಯ ತಪಾಸಣೆ. ಹದಿನೈದು ತುಂಬಿದ ಮಕ್ಕಳು ಓಡಿಸಲೆಂದು ಮೂವತ್ತು ಕಿಲೋಮೀಟರ್ ವೇಗಕ್ಕೆ ಬೀಗ ಹಾಕಿದ ಹಳೆಯ ಕಾರು ಅದು. ದಿನಕ್ಕೊಂದೇ ಬಸ್ಸು ಬರುವ ಊರಿನಲ್ಲಿ ಇಂಥ ಗಾಡಿಯಿಲ್ಲದ ಮಕ್ಕಳಿಗೆ ಶಾಲೆಯೂ ದೂರ, ಸ್ನೇಹಿತರೂ ದೂರ. ಹಿಂಭಾಗ ಅಪ್ಪಚ್ಚಿಯಾಗಿತ್ತು, ಇಂಜಿನ್ ಮಾತ್ರ ಉಳಿದಿತ್ತು. ಪೊಲೀಸ್ ಸೇರುವ ಮುಂಚೆ ಎಂಟು ವರ್ಷ ಗ್ಯಾರೇಜಿನಲ್ಲಿ ದುಡಿದಿದ್ದ ಕಾನ್‌ಸ್ಟೆಬಲ್ ಮೈಕೆನ್ ಬೇರೆ ಬ್ಯಾಟರಿ ಜೋಡಿಸಿ, ಇಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ, ಗಾಡಿಗೆ ಸಿಕ್ಕಿಸಿದ ಸ್ಕ್ಯಾನರಿನ ಪರದೆ ನೋಡಿದಳು.

"ಇಂಜಿನ್ ನಿಂತಿರೋವಾಗ ಈ ಒತ್ತಡದ ಸೆನ್ಸರ್ ಹೊರಗಿನ ಗಾಳಿಯ ಲೆಕ್ಕಾನೇ ತೋರಿಸ್ಬೇಕು. ನೂರರ ಆಸುಪಾಸು. ಇದು ಅರವತ್ತೆರಡು ಅಂತಿದೆ."

"ವೈರ್ ಕೆಟ್ಟಿರಬಹುದಲ್ಲ?" ಸಿಗ್ರಿಡ್ ಕೇಳಿದಳು.

ಮೈಕೆನ್ ಮೀಟರ್ ಹಿಡಿದಳು. ಐದು ವೋಲ್ಟ್ ಸರಿಯಾಗಿ ಬರುತ್ತಿತ್ತು. ವೈರುಗಳನ್ನು ಅಲ್ಲಾಡಿಸಿದರೂ ಅಂಕಿ ಕದಲಲಿಲ್ಲ. ತಾನು ತಂದಿದ್ದ ಒಳ್ಳೆಯ ಸೆನ್ಸರ್ ಸಿಕ್ಕಿಸಿದಳು, ತೊಂಬತ್ತೊಂಬತ್ತು ಬಂತು.

"ಸೆನ್ಸರೇ ಸುಳ್ಳು ಹೇಳ್ತಿದೆ. ಗಾಳಿ ಕಮ್ಮಿ ಅಂತ ನಂಬಿ ಇಂಜಿನ್ನು ಪೆಟ್ರೋಲೂ ಕಮ್ಮಿ ಕುಡಿಯುತ್ತೆ. ಸಮತಟ್ಟಲ್ಲಿ ಹೆಂಗೋ ತೆವಳುತ್ತೆ. ಏರಲ್ಲಿ ಜೋರಾಗಿ ಒತ್ತಿದ್ರೆ ಸತ್ತೇ ಹೋಗುತ್ತೆ. ಇನ್ನೊಂದು ವಿಷ್ಯ, ವೇಗದ ಬೀಗಾನೂ ಯಾರೋ ತೆಗ್ದಿದಾರೆ."

ಸೆನ್ಸರಿನ ಜಿಡ್ಡು ಒರೆಸಿದಾಗ ಬಿಳಿ ಬಣ್ಣದ ಅಡ್ಡಗೆರೆಯೊಂದು ಕಾಣಿಸಿತು. 12.25ಕ್ಕೆ ಪಂಚನಾಮೆ ಮುಗಿಸಿ ಅದನ್ನು ಚೀಲಕ್ಕೆ ಹಾಕಿ ಮೊಹರು ಮಾಡಿದರು.

ಎರಡು ಗಂಟೆಗೆ ಬೆರ್ಟಿಲನ ಗ್ಯಾರೇಜಿನಲ್ಲಿ ಸಿಗ್ರಿಡ್ ಆ ಚೀಲ ತೋರಿಸಿದಳು. "ಹೊಸದಕ್ಕೆ ದುಡ್ಡು ತಗೊಂಡು ಹಳೇದನ್ನೇ ಬಿಟ್ಯಾ?"

ಬೆರ್ಟಿಲ್ ಮೇಜಿನ ಕೆಳಗಿನ ಡಬ್ಬಿಯೊಂದನ್ನು ಎಳೆದು ತೋರಿಸಿದ. "ಗೆರೆ ನಂದೇ. ಕೆಟ್ಟಿದ್ದನ್ನ ಮತ್ತೆ ಯಾರೂ ತಪ್ಪಿ ಹಾಕ್ಬಾರ್ದು ಅಂತ ಗೆರೆ ಎಳೆದು ಈ ಡಬ್ಬಿಗೆ ಹಾಕ್ತೀನಿ. ಇದನ್ನೂ ಹಾಕಿದ್ದೆ." ರಿಪೇರಿಯಾದ ಮೇಲೆ ಶನಿವಾರವೇ ಸ್ಕ್ಯಾನರಿನಿಂದ ತೆಗೆದ ಪ್ರಿಂಟ್ ತಂದುಕೊಟ್ಟ. ಅದರಲ್ಲಿ ಅಂಕಿ ಸರಿಯಾಗಿಯೇ ಇತ್ತು.

"ಆಮೇಲೆ ಡಬ್ಬಿಗೆ ಯಾರು ಕೈ ಹಾಕಿದ್ರು?"

ಅವನು ಡಬ್ಬಿಯ ಮುಚ್ಚಳ ಹಾಕಿದ.

"ಹೇಳ್ದಿದ್ರೆ ಕೇಸು ನಿನ್ನ ತಲೆಗೇ ಬರುತ್ತೆ ಬೆರ್ಟಿಲ್."

"ಬರ್ಲಿ." ಕೈ ಒರೆಸಿಕೊಂಡ. "ರಿಪೇರಿಯಾದ ಮಾರನೇ ದಿನ, ಭಾನುವಾರ, ಈವಾರ್ ಕಾಫಿಗೆ ಬಂದಿದ್ದ. ನಾನು ದಾಲ್ಚಿನ್ನಿ ಬನ್ ತರೋಕೆ ಒಳಗೆ ಹೋದೆ, ಅಷ್ಟೇ. ಮಗಳನ್ನ ಕಳ್ಕೊಂಡೋನ ಹತ್ರ ಹೋಗಿ ಇದನ್ನ ಕೇಳ್ತೀಯಾ ಈಗ?"

ಕೇಳಲೇಬೇಕಿತ್ತು. ಠಾಣೆಯಿಂದ ಫೋನ್ ಮಾಡಿ ಕರೆದ ಮೇಲೆ 4.30ಕ್ಕೆ ಈವಾರ್ ಹೆಂಡತಿಯೊಂದಿಗೆ ಬಂದ. ಆನೆಲಿಯನ್ನು ಮುಂದಿನ ಕೋಣೆಯಲ್ಲಿ ಕೂರಿಸಿದರು. ಸಿಗ್ರಿಡ್ ಬಾಯಿ ತೆರೆಯುವ ಮೊದಲೇ ಈವಾರ್ ಕೋಟಿನ ಜೇಬಿನಿಂದ ಹೊಸ ಸೆನ್ಸರ್ ತೆಗೆದು ಮೇಜಿನ ಮೇಲಿಟ್ಟ.

"ಯಾಕೆ ಈವಾರ್?"

"ಎರಡು ವರ್ಷದ ಹಿಂದೆ ಇಂಥದೇ ಗಾಡಿಯಿಂದ ಇಬ್ಬರು ಮಕ್ಕಳನ್ನ ಕತ್ತರಿಸಿ ತೆಗ್ದಿದ್ವಿ. ಅಗ್ನಿಶಾಮಕ ದಳದಲ್ಲಿ ಅವತ್ತು ನನ್ನ ಪಾಳಿ." ಅವನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಟೂವಾಳ ಗಾಡಿಯ ವೇಗದ ಬೀಗ ಯಾರೋ ಕ್ಲಾಸಿನವನು ತೆಗೆದುಕೊಟ್ಟ. ಬೈದೆ. ಹಾಕಿಸಿದ್ಲು, ಮತ್ತೆ ತೆಗೆಸಿದ್ಲು. ಕೀಲಿ ಕಿತ್ಕೊಂಡ್ರೆ ಮನೇಲಿ ಒಬ್ಬಳೇ ಬಿದ್ದಿರ್ಬೇಕು. ಆಮೇಲೆ ಸೆನ್ಸರ್ ಕೆಡ್ತು. ನಲವತ್ತು ದಾಟ್ತಿರ್ಲಿಲ್ಲ ಗಾಡಿ. ಆ ಮೂರು ವಾರ ನಂಗೆ ನಿದ್ದೆ ಬಂತು ಸಿಗ್ರಿಡ್. ಬೆರ್ಟಿಲ್ ಅದನ್ನ ಸರಿಮಾಡ್ಬಿಟ್ಟ."

ಹೇಳಿಕೆ ಬರೆದು ಮುಗಿಯಿತು. ಅವನು ಓದಿದ, ಸಹಿ ಹಾಕಲಿಲ್ಲ.

"ಒಂದು ಬಿಟ್ಟುಹೋಗಿದೆ, ಬರ್ಕೋ. ಅವತ್ತು ಮಧ್ಯಾಹ್ನ ಫೋನ್ ಮಾಡಿದ್ಲು. ಪಪ್ಪಾ, ಗಾಡಿ ಮತ್ತೆ ಎಳೀತಿಲ್ಲ, ಬಂದು ನೋಡ್ತೀಯಾ ಅಂದ್ಲು. ಏನಾಗಲ್ಲ, ನಿಧಾನಕ್ಕೆ ಬಾ ಅಂದೆ. ಹೋಗಿದ್ರೆ ಹೇಳ್ಬೇಕಾಗ್ತಿತ್ತಲ್ಲ, ನಾನೇ ಮಾಡಿದ್ದು ಅಂತ."

ಸಿಗ್ರಿಡ್ ಅದನ್ನೂ ಬರೆದಳು. ಅಜಾಗರೂಕತೆಯಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ 5.20ಕ್ಕೆ ಬಂಧನ ದಾಖಲಾಯಿತು. ದೂರುದಾರರಿಗೆ ತಿಳಿಸುವುದು ತನಿಖಾಧಿಕಾರಿಯ ಕೆಲಸ.

"ನಾನೇ ಹೇಳ್ತೀನಿ," ಈವಾರ್ ಎದ್ದ.

ಸಿಗ್ರಿಡ್ ಬಾಗಿಲು ತೆರೆದಳು. ಬೆಂಚಿನ ಮೇಲಿದ್ದ ಆನೆಲಿ ಎದ್ದು ಬಂದು ಗಂಡನ ತೋಳು ಹಿಡಿದುಕೊಂಡಳು.

"ಬೆರ್ಟಿಲ್ ಒಪ್ಕೊಂಡ್ನಾ?" ಎಂದು ಅವನನ್ನೇ ಕೇಳಿದಳು.