ಹೊಂಗೆ ತಿರುವಿನ ಮಾರ್ದನಿ

ತಾನು ತಪ್ಪು ಮಾಡುತ್ತಿಲ್ಲವಷ್ಟೆ? ಒಬ್ಬಳ ಕಿವಿಗೆ ಮಾತ್ರ ಬೀಳುತ್ತಿದ್ದ ಹೊಲಸು ಮಾತನ್ನು ಇಡೀ ಉದ್ಯಾನದ ಕಿವಿಗೆ ಹಾಕಿದರೆ ಅವಳ ಅವಮಾನ ಕಡಿಮೆಯಾದೀತೋ, ಹತ್ತು ಪಟ್ಟು ಹೆಚ್ಚಾದೀತೋ? ಗುಂಡಿ ಒತ್ತಿ ಆಗಿತ್ತು. ಹಲಗೆಯ ಮೇಲೆ ಹಸಿರು ದೀಪ ಹೊತ್ತಿತ್ತು. ಆದರೂ ಶಿವಯೋಗಿ ಹಾದಿಮನಿಯ ಬೆರಳು ಗುಂಡಿಯ ಮೇಲೇ ಇತ್ತು, ಇನ್ನೂ ಹಿಂದೆ ಸರಿಯಬಹುದು ಎನ್ನುವ ಹಾಗೆ.

ಧಾರವಾಡದ ಕಲ್ಲಬಾವಿ ಉದ್ಯಾನದ ಹಳೆಯ ಪಂಪ್‌ಹೌಸೇ ಅವನ ಪ್ರಯೋಗಶಾಲೆ. ನೀರೆತ್ತುವ ಮೋಟಾರು ಹೋಗಿ ಎಷ್ಟೋ ವರ್ಷವಾಗಿತ್ತು; ಅದರ ಜಾಗದಲ್ಲಿ ಈಗ ಬೀರುವಿನಷ್ಟು ಎತ್ತರದ ಯಂತ್ರ ನಿಂತಿತ್ತು. ಓಟದ ಹಾದಿಯುದ್ದಕ್ಕೂ ಇದ್ದ ದೀಪದ ಕಂಬಗಳಿಗೆ ಅವನು ನಾಣ್ಯದಷ್ಟು ತೆಳ್ಳಗಿನ ಪಿಂಗಾಣಿ ಬಿಲ್ಲೆಗಳನ್ನು ಅಂಟಿಸಿದ್ದ. ದನಿ ಬಡಿದಾಗ ಆ ಬಿಲ್ಲೆ ನಡುಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಅದಕ್ಕೇ ವಿದ್ಯುತ್ತು ಕೊಟ್ಟರೆ ನಡುಗಿ ದನಿಯನ್ನು ಹುಟ್ಟಿಸುತ್ತದೆ. ಅಂದರೆ ಪ್ರತಿ ಬಿಲ್ಲೆಯೂ ಒಂದು ಕಿವಿ, ಒಂದು ಬಾಯಿ.

ಮೊದಲು ಅವನು ಮಾಡಿದ್ದು ಮೌನವನ್ನು. ಚಿಕ್ಕಂದಿನಿಂದಲೂ ಅವನಿಗೆ ಮೌನವೆಂದರೆ ಆಸೆ. ಮದುವೆ ಮನೆಯಲ್ಲಿ ಅಟ್ಟ ಹತ್ತಿ ಕೂರುತ್ತಿದ್ದವನು. ಹೇಳಬೇಕಾದ ಮಾತನ್ನು ನಾಳೆ ಹೇಳಿದರಾಯಿತು ಎಂದು ಮುಂದೂಡಿ, ಕಡೆಗೆ ಹೇಳದೆಯೇ ಉಳಿಯುತ್ತಿದ್ದವನು. ಹಾಗಾಗಿ ತಂಗಿ ನೀಲಾಂಬಿಕಾ ಓಡುವುದನ್ನು ಬಿಟ್ಟದ್ದು ಮೊಣಕಾಲು ನೋವಿನಿಂದಲ್ಲ, ಹೊಂಗೆ ಮರದ ತಿರುವಿನಲ್ಲಿ ಬೆಂಚು ಹಿಡಿದು ಕೂರುವವರ ಮಾತಿನಿಂದ ಎಂದು ತಿಳಿದಾಗ ಅವನಿಗೆ ಹೊಳೆದ ಪರಿಹಾರವೂ ಮೌನವೇ ಆಗಿತ್ತು. ದನಿ ಎಂದರೆ ಗಾಳಿಯಲ್ಲಿ ಏಳುವ ಅಲೆ. ಆ ಅಲೆಯ ಏರಿಗೆ ಸರಿಯಾಗಿ ಇಳಿವನ್ನು, ಇಳಿವಿಗೆ ಏರನ್ನು ಕೂಡಿಸಿದರೆ ಉಳಿಯುವುದು ಸಮತಟ್ಟು ಗಾಳಿ. ಓಡುವ ಹೆಂಗಸಿನ ಸುತ್ತ ಅಂಥ ಸಮತಟ್ಟು ಗಾಳಿಯ ಗೂಡೊಂದು ಅವಳ ಜೊತೆಯಲ್ಲೇ ಓಡುತ್ತಿತ್ತು. ಬೆಂಚಿನವರು ಏನೇ ಅಂದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಪತ್ರಿಕೆಗಳು ಹೊಗಳಿದವು. ಮಹಾನಗರ ಪಾಲಿಕೆ ಶಾಲು ಹೊದಿಸಿತು.

ನೀಲಾ ಒಂದು ವಾರ ಓಡಿದಳು. ಎಂಟನೆಯ ದಿನ ಬೂಟು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಪಂಪ್‌ಹೌಸಿಗೆ ಬಂದಳು. ತಿರುವಿನಲ್ಲಿ ಯಾಕೋ ಹಿಂತಿರುಗಿ ನೋಡಿದರೆ ಒಬ್ಬ ಕೈಯಳತೆಯಲ್ಲೇ ಹಿಂದೆ ಬರುತ್ತಿದ್ದನಂತೆ. ಅವನ ಹೆಜ್ಜೆಯ ಸದ್ದೂ ಅವಳಿಗೆ ಕೇಳಿಸಿರಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತಂತೆ.

"ನೀ ನನ್ನ ಕಿವಿ ಮುಚ್ಚೀದಿ, ಅಣ್ಣಾ. ಅವನ ಬಾಯಿ ಹಂಗ ಐತಿ," ಎಂದಳು.

ಶಿವಯೋಗಿ ಎರಡು ತಿಂಗಳು ಪಂಪ್‌ಹೌಸಿನಲ್ಲೇ ಕಳೆದ. ಯಂತ್ರವನ್ನು ಬಿಚ್ಚಿ ತಿರುವುಮುರುವು ಮಾಡಿದ. ಆ ಮಾತುಗಳಿಗೆ ಬಲ ಎಲ್ಲಿಂದ ಬರುತ್ತದೆ ಎಂದು ಯೋಚಿಸಿದಾಗ ಅವನಿಗೆ ಕಂಡದ್ದು ಇಷ್ಟು: ಅವನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ. ಅವಳಿಗಷ್ಟೇ ಮುಟ್ಟುವಂತೆ, ಪಕ್ಕದಲ್ಲಿ ಹೋಗುವವರಿಗೆ ಮುಟ್ಟದಂತೆ ದನಿಯನ್ನು ಅಳೆದು ಆಡುತ್ತಾರೆ. ಹಾಗಾದರೆ ಆ ಅಳತೆಯನ್ನೇ ಕೆಡಿಸಬೇಕು. ಹೊಸ ಯಂತ್ರಕ್ಕೆ ಮಾತಿನ ಅರ್ಥ ತಿಳಿಯುತ್ತಿರಲಿಲ್ಲ. ಅದು ಗಮನಿಸುತ್ತಿದ್ದದ್ದು ಎರಡನ್ನೇ. ಒಂದು, ಓಡುತ್ತಿರುವವರ ಕಡೆಗೆ ತಗ್ಗಿಸಿ ಎಸೆದ ದನಿ. ಇನ್ನೊಂದು, ಅದಕ್ಕೆ ಉತ್ತರ ಬಾರದಿರುವುದು. ಹಾಗೆ ಉತ್ತರವಿಲ್ಲದೆ ಉಳಿದ ಮಾತನ್ನು ಅದು ಆ ಕ್ಷಣವೇ ಎಲ್ಲ ಕಂಬಗಳಿಂದಲೂ ಹೇಳಿ, ಹೇಳಿದ್ದನ್ನು ಮರೆತುಬಿಡುತ್ತಿತ್ತು. ಚಿತ್ರವಿಲ್ಲ, ದಾಖಲೆಯಿಲ್ಲ. ಅದಕ್ಕೆ ಮಾರ್ದನಿ ಎಂದು ಹೆಸರಿಟ್ಟ.

ಇವತ್ತು ಒಂದು ದಿನ ಓಡಿ ನೋಡುತ್ತೇನೆ, ಸರಿಹೋಗದಿದ್ದರೆ ಬೂಟನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ನೀಲಾ ಹೇಳಿದ್ದಳು. ಅವಳು ಆಡಿದರೆ ಆಡಿದಂತೆ ಮಾಡುವವಳು. ಶಾಲೆಯಲ್ಲಿದ್ದಾಗ ಊರ ಹೊರಗಿನ ದಿಬ್ಬವನ್ನು ಗಂಡುಹುಡುಗರಿಗಿಂತ ಮೊದಲು ಹತ್ತಿ, ಮೇಲೆ ನಿಂತು ಅವರಿಗೆ ಕೈ ಬೀಸುತ್ತಿದ್ದ ಹುಡುಗಿ. ಓಡುವುದನ್ನು ಬಿಟ್ಟ ಮೇಲೆ ಮನೆಯಲ್ಲಿ ಅವಳ ನಡಿಗೆಯೇ ಬೇರೆಯಾಗಿತ್ತು. ಗುಂಡಿಯ ಮೇಲಿನ ಬೆರಳನ್ನು ಶಿವಯೋಗಿ ಕಡೆಗೂ ತೆಗೆದ. ಬಾಗಿಲಿಗೆ ಬಂದು ನೋಡಿದ. ನೀಲಾ ಹೊಂಗೆ ತಿರುವನ್ನು ಸಮೀಪಿಸುತ್ತಿದ್ದಳು.

ಬೆಂಚಿನ ಮೇಲಿದ್ದ ತರುಣ ತಲೆಯನ್ನೂ ಎತ್ತಲಿಲ್ಲ. ಹಲ್ಲಿನ ಸಂದಿಯಿಂದ ಬಿಟ್ಟ ಮಾತು ಅದು. ಆದರೆ ಮರುಕ್ಷಣ ಕೊಳದ ಹತ್ತಿರ, ಮಕ್ಕಳ ಜೋಕಾಲಿಯ ಹತ್ತಿರ, ಹಾಲಿನ ಬೂತಿನ ಹತ್ತಿರ, ಪ್ರತಿ ಕಂಬವೂ ಅವನ ದನಿಯಲ್ಲೇ ಕೇಳಿತು: "ಏ ಗಿಣೀ, ಕಾಲು ಸೋತಾವೇನ? ನಾ ಎತ್ಕೊಂಡು ಹೋಗ್ಲಿ?"

ಉದ್ಯಾನ ನಿಂತುಬಿಟ್ಟಿತು. ನಗುವನ್ನೇ ವ್ಯಾಯಾಮವಾಗಿ ಮಾಡುವ ನಗೆಕೂಟದ ಹಿರಿಯರು ಎತ್ತಿದ ಕೈಗಳನ್ನು ಇಳಿಸುವುದನ್ನು ಮರೆತರು. ತರುಣ ತನ್ನದೇ ದನಿ ಬೆನ್ನ ಹಿಂದಿನಿಂದ ಬಂದದ್ದಕ್ಕೆ ಬೆಚ್ಚಿ ಎದ್ದು ನಿಂತ. ನೀಲಾಳ ಮುಖ ಕೆಂಪಾಗಿತ್ತು. ಶಿವಯೋಗಿ ಅದನ್ನು ಕಂಡ. ತಾನು ಹೆದರಿದ್ದೇ ಆಯಿತು, ತಂಗಿಯನ್ನು ಊರ ಮುಂದೆ ನಿಲ್ಲಿಸಿದೆ ಎಂದುಕೊಂಡು ಗುಂಡಿಯ ಕಡೆಗೆ ತಿರುಗಿದ.

ಆಗ ಕೇಳಿಸಿತು ಕಾಶಕ್ಕನ ದನಿ. ಕಾಶಕ್ಕ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಬರುವಿಕೆ ಹೋಗುವಿಕೆಗಳನ್ನು ಕೂಗಿ ಹೇಳುತ್ತಿದ್ದು ನಿವೃತ್ತಳಾದವಳು. ಇಳಕಲ್ ಸೀರೆಗೆ ಕಚ್ಚೆ ಹಾಕಿ, ಕಾಲಿಗೆ ಬಿಳಿ ಬೂಟು ಏರಿಸಿ ದಿನವೂ ನಡೆಯಲು ಬರುತ್ತಿದ್ದಳು. ಅವಳಿಗೆ ಯಾವ ಕಂಬದ ಹಂಗೂ ಬೇಕಿರಲಿಲ್ಲ.

"ಯಾವನಪಾ ಅಂವಾ, ಎತ್ಕೊಂಡು ಹೋಗಾವ? ಮೊಣಕಾಲು ನೋವಿರೂದು ನನಗ. ಮೊದಲ ನನ್ನ ಎತ್ಕೋ, ಬಾ."

ಮೊದಲು ನಕ್ಕದ್ದು ಹಾಲಿನ ಬೂತಿನ ಮುಂದೆ ನಿಂತ ಹೆಂಗಸರು. ಆಮೇಲೆ ನಗೆಕೂಟ. ದಿನವೂ ಬೆಳಿಗ್ಗೆ ಕಷ್ಟಪಟ್ಟು ನಗುವ ಆ ಹಿರಿಯರಿಗೆ ಅಂದು ನಗು ತಾನಾಗಿ ಬಂದು, ಹೊಟ್ಟೆ ಹಿಡಿದು ಕೂತರು. ನೀಲಾ ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನಿಂತಿದ್ದಳು. ಅಳುತ್ತಿದ್ದಾಳೆ ಎಂದು ಶಿವಯೋಗಿ ಓಡಿಹೋದರೆ ಅವಳು ನಗುತ್ತಿದ್ದಳು, ಉಸಿರು ಸಿಗದಷ್ಟು.

ತರುಣ ಜಾರಿಕೊಳ್ಳಲು ನೋಡಿದ. ಆದರೆ ಅಷ್ಟರಲ್ಲಿ ಕಾಶಕ್ಕ ಮತ್ತು ಅವಳ ಗೆಳತಿಯರು ಹಾದಿಗೆ ಅಡ್ಡ ನಿಂತಾಗಿತ್ತು. ಯಾರೂ ಕೈ ಎತ್ತಲಿಲ್ಲ, ಯಾರೂ ಬೈಯಲಿಲ್ಲ. ಆ ಕಡೆಯ ಮದುವೆಗಳಲ್ಲಿ ಮದುಮಗಳು ಗಂಡನ ಹೆಸರನ್ನು ಒಡಪಿನಲ್ಲಿ, ಅಂದರೆ ಪ್ರಾಸ ಕೂಡಿಸಿ ಎರಡು ಸಾಲಿನಲ್ಲಿ ಹೇಳದೆ ಹೊಸ್ತಿಲು ದಾಟುವಂತಿಲ್ಲ. ಹೆಂಗಸರು ಅಡ್ಡಗಟ್ಟಿ ನಿಂತು ಕಾಡುತ್ತಾರೆ. ಈ ಹಾದಿ ದಾಟಬೇಕಾದರೆ ನೀನೂ ನಿನ್ನ ಹೆಸರಿಗೆ ಒಡಪು ಹೇಳು ಎಂದಳು ಕಾಶಕ್ಕ. ಅವನು ತೊದಲಿ ತೊದಲಿ ವಿರುಪಾಕ್ಷ ಎಂದ. ಒಡಪು ಬರಲ್ರಿ ಎಂದ. ಬರದಿದ್ದರೆ ತಾನೇ ಹೇಳಿಕೊಡುತ್ತೇನೆಂದು ಅವಳು ಬಸ್ಸು ಕರೆಯುವ ದನಿಯಲ್ಲೇ ಹೇಳಿದಳು:

"ಹೊಂಗಿ ಗಿಡದ ಬುಡಕ ಕುಂತಿದ್ದ ಠೀವೀಲೆ,
ವಿರುಪಾಕ್ಷ ಈಗ ನಿಂತಾನ ನಾಚೀಕೀಲೆ."

ಅವನು ಹೋಗಲು ಬಿಟ್ಟರು. ನೀಲಾ ಬೆವರು ಒರೆಸಿಕೊಂಡು ಅಣ್ಣನ ಕಡೆ ನೋಡಿದಳು. ನಾಳೆಯೂ ಬರುತ್ತೀಯಾ ಎಂದು ಅವನು ಕೇಳಬೇಕೆಂದಿದ್ದ. ಅಷ್ಟರಲ್ಲಿ ಅವಳು ಇನ್ನೊಂದು ಸುತ್ತು ಹೊರಟೇಬಿಟ್ಟಿದ್ದಳು.

ಆ ಚಳಿಗಾಲ ಕಲ್ಲಬಾವಿ ಉದ್ಯಾನದ ಚಹರೆಯೇ ಬದಲಾಯಿತು. ಯಂತ್ರ ಎಡವಿದ್ದೂ ಉಂಟು. ಮುನಿಸಿಕೊಂಡು ಓಡುತ್ತಿದ್ದ ಹೆಂಡತಿಯ ಹಿಂದೆ ಏದುಸಿರು ಬಿಡುತ್ತ ಬಂದ ಒಬ್ಬ ಗಂಡ, ನಿನ್ನ ತವರಿನವರ ಬಗ್ಗೆ ಇನ್ನು ಒಂದು ಮಾತೂ ಆಡುವುದಿಲ್ಲ ಎಂದು ಪಿಸುಗುಟ್ಟಿದ. ಅವಳು ಉತ್ತರಿಸಲಿಲ್ಲ. ಅವನ ಮಾತು ಇಡೀ ಉದ್ಯಾನಕ್ಕೆ ಕೇಳಿಸಿತು. ಈಗ ಊರೇ ಸಾಕ್ಷಿ ಎಂದು ಹೆಂಗಸರು ಅವನಿಂದ ಎರಡನೆಯ ಸಲ ಗಟ್ಟಿಯಾಗಿ ಹೇಳಿಸಿದರು. ಒಡಪಿಗೆ ಹೆದರಿ ಕೆಲವರು ಬೆಂಚು ಬಿಟ್ಟರು. ಇನ್ನು ಕೆಲವರು ಎಲ್ಲರಿಗೂ ಕೇಳಿಸಬಹುದಾದ ಮಾತನ್ನೇ ಆಡಲು ಕಲಿತರು. ಅಕ್ಕಾ, ಲೇಸು ಬಿಚ್ಚೈತಿ ನೋಡ್ರಿ ಎಂದು ಮೊದಲ ಸಲ ಕೂಗಿ ಹೇಳಿದ ಹುಡುಗನಿಗೆ ನಗೆಕೂಟ ಚಪ್ಪಾಳೆ ತಟ್ಟಿತು. ಅತ್ತೆಯರು ಸೊಸೆಯರನ್ನು ಕರೆತಂದರು, ಸೊಸೆಯರು ಅತ್ತೆಯರಿಗೆ ಬೂಟು ಕೊಡಿಸಿದರು. ಮೌನವನ್ನು ಹುಡುಕಿಕೊಂಡು ಬಂದಿದ್ದ ಶಿವಯೋಗಿಗೆ ಇಷ್ಟು ಗದ್ದಲದ ನಡುವೆ ಕೂತು ತಾನು ಸುಖವಾಗಿದ್ದೇನೆ ಎನ್ನುವುದೇ ಸೋಜಿಗವಾಗಿತ್ತು.

ಜೂನಿನ ಮೊದಲ ಮಳೆಗೆ ಪಂಪ್‌ಹೌಸಿನ ಮಾಡು ಸೋರಿತು. ಮರುದಿನ ಬೆಳಿಗ್ಗೆ ಅವನು ಗುಂಡಿ ಒತ್ತಿದ. ಹಸಿರು ದೀಪ ಹೊತ್ತಲಿಲ್ಲ. ಯಂತ್ರದ ಹೊಟ್ಟೆಯೊಳಗೆ ನೀರು ನಿಂತಿತ್ತು. ಕಂಬಗಳೆಲ್ಲ ಕಿವುಡಾಗಿದ್ದವು, ಮೂಕವೂ ಆಗಿದ್ದವು. ಯಂತ್ರ ಕೆಟ್ಟದ್ದನ್ನು ಎಲ್ಲರಿಗೂ ಹೇಳಬೇಕು ಎಂದು ಹೊರಗೆ ಬಂದ. ಅದೇ ಹೊತ್ತಿಗೆ ತಿರುವಿನ ಕಡೆಯಿಂದ ಒಬ್ಬ ಹೊಸಬ ಓಡುತ್ತಿದ್ದ ಹುಡುಗಿಗೆ ಏನೋ ಅಂದ. ಆ ಹುಡುಗಿ ಕ್ಷಣ ಕಾದಳು, ಕಂಬದ ಕಡೆ ನೋಡಿದಳು. ಕಂಬ ಏನೂ ಹೇಳಲಿಲ್ಲ. ಆಗ ಅವಳು ತಾನೇ ಅವನ ಮಾತನ್ನು ಗಟ್ಟಿಯಾಗಿ ಹೇಳಿದಳು. ಅವಳ ಮುಂದಿದ್ದವಳು ಅದನ್ನು ಎತ್ತಿಕೊಂಡು ಇನ್ನೂ ಗಟ್ಟಿಯಾಗಿ ಹೇಳಿದಳು. ಮಾತು ಬಾಯಿಂದ ಬಾಯಿಗೆ ದಾಟುತ್ತ ಹಾದಿಯನ್ನು ಸುತ್ತಿ ಕಾಶಕ್ಕನ ಬಳಿಗೆ ಬಂತು. ಅವಳ ಒಡಪು ಅದೇ ಹಾದಿಯಲ್ಲಿ ತಿರುಗಿ ಹೋಯಿತು.

ಶಿವಯೋಗಿ ಪಂಪ್‌ಹೌಸಿಗೆ ಮರಳಿದ. ಯಂತ್ರದ ದನಿ ಕ್ಷೀಣವಾಗಿದೆ ಎಂದಷ್ಟೇ ಹೆಂಗಸರು ತಿಳಿದುಕೊಂಡಿರಬೇಕು, ಅದು ಸತ್ತಿದೆ ಎಂದು ಗೊತ್ತಾದರೆ ಧೈರ್ಯ ಉಳಿಯುವುದೇ ಎಂದು ಅವನಿಗೆ ಅನ್ನಿಸಿತು. ನೀಲಾಳ ಬೂಟು ಮತ್ತೆ ಅಟ್ಟ ಸೇರಿದರೆ? ರಿಪೇರಿಯ ಸಾಮಾನು ತರಿಸಲು ಮನಸ್ಸು ಮಾಡಿದ, ತರಿಸಿದರೆ ಕೆಟ್ಟದ್ದು ಎಲ್ಲರಿಗೂ ಗೊತ್ತಾದೀತು ಎಂದು ಹಾಗೇ ಬಿಟ್ಟ. ದಿನವೂ ಎಲ್ಲರಿಗೂ ಕಾಣುವಂತೆ ಬಾಗಿಲು ತೆರೆದು, ಗುಂಡಿ ಒತ್ತಿ, ಹಲಗೆಯನ್ನು ಬಟ್ಟೆಯಿಂದ ಒರೆಸಿ ಕೂರುತ್ತಿದ್ದ.

ದೀಪಾವಳಿ ಕಳೆದ ಮೇಲೆ ಬಳ್ಳಾರಿಯಿಂದ ರೆಹಾನಾ ಎಂಬ ಅಧಿಕಾರಿ ಬಂದರು. ತಮ್ಮ ಊರಿನ ಉದ್ಯಾನಗಳಿಗೂ ಮಾರ್ದನಿ ಬೇಕು ಎನ್ನುವುದು ಅವರ ಆಸೆ. ಕೆಲಸ ಮಾಡಿ ತೋರಿಸಿ ಎಂದರು. ಶಿವಯೋಗಿ ಯಂತ್ರದ ಮುಂದೆ ನಿಂತ. ಗಂಭೀರವಾಗಿ ಗುಂಡಿ ಒತ್ತಿದ. ರೆಹಾನಾ ಬೆಂಚಿನ ಮೇಲೆ ಕೂತು, ಓಡಿಬಂದ ನೀಲಾಳ ಕಡೆ ಮುಖ ಮಾಡಿ, ಒಬ್ಬಾಕೀನ ಎಲ್ಲಿಗೆ ಹೊಂಟಿ ಎಂದು ತುಟಿಯ ಕೊನೆಯಲ್ಲಿ ಅಂದರು. ಕಂಬಗಳು ಸುಮ್ಮನಿದ್ದವು. ನೀಲಾ ಒಂದು ಹೆಜ್ಜೆಯನ್ನೂ ತಪ್ಪಿಸದೆ ಆ ಮಾತನ್ನು ಎತ್ತಿಕೊಂಡಳು. ಮಾತು ಉದ್ಯಾನವನ್ನು ಸುತ್ತಿ ಬಂತು.

ಇವರೇ ಕೂಗುತ್ತಿದ್ದಾರಲ್ಲ ಎಂದು ರೆಹಾನಾ ಹುಬ್ಬೇರಿಸಿದರು. ನೀಲಾ ಓಡುತ್ತಲೇ, ಯಂತ್ರ ಹೇಳುವ ಮೊದಲೇ ತಾವು ಹೇಳಿಬಿಡುತ್ತೇವೆ, ಚಟ ಆಗಿಬಿಟ್ಟಿದೆ ಎಂದಳು. ಅಧಿಕಾರಿಗೆ ಸಮಾಧಾನವಾದಂತೆ ಕಾಣಲಿಲ್ಲ. ನಕ್ಷೆ ತರುತ್ತೇನೆಂದು ಹೇಳಿ ಶಿವಯೋಗಿ ಒಳಗೆ ತಪ್ಪಿಸಿಕೊಂಡ. ಕಿಟಕಿಯ ಆಚೆ, ಗೋಡೆಗೆ ಆನಿಕೊಂಡೇ, ಕಾಶಕ್ಕ ರೆಹಾನಾ ಜೊತೆ ತನ್ನ ಮಟ್ಟಿಗೆ ಪಿಸುದನಿಯಲ್ಲಿ ಮಾತಾಡುತ್ತಿದ್ದಳು. ಅವಳ ಪಿಸುದನಿ ಕೊಳದವರೆಗೆ ಕೇಳಿಸುವಂಥದ್ದು.

"ಅದು ಮಳಿಗಾಲದಾಗ ಕೆಟ್ಟು ಕುಂತೈತ್ರಿ ಬಾಯಾರ. ಅವತ್ತ ನಮಗ ಗೊತ್ತಾತು. ಆ ತಮ್ಮಗ ಮಾತ್ರ ಹೇಳಬ್ಯಾಡ್ರಿ. ದಿನಾ ಬಂದು ಗುಂಡಿ ಒತ್ತತಾನ, ಬಟ್ಟೀಲೆ ಒರಸ್ತಾನ. ಮನಸಿಗೆ ಹಚ್ಚಿಕೊಂಡಾನು."

"ನಮ್ಮಣ್ಣ ಒಳಗೊಳಗ ಕೊರಗಾವ್ರಿ," ಎಂದಳು ಸುತ್ತು ಮುಗಿಸಿ ಬಂದ ನೀಲಾ. "ಗೊತ್ತಾದ್ರ ನಾಕು ದಿನ ಊಟ ಬಿಡ್ತಾನ."

ಮತ್ತೆ ನಾನು ಬಳ್ಳಾರಿಗೆ ಏನು ಒಯ್ಯಲಿ ಎಂದು ರೆಹಾನಾ ಕೇಳಿದರು, ಅವರ ದನಿಯಲ್ಲಿ ಆಗಲೇ ನಗು ಇತ್ತು.

"ನಿಮ್ಮೂರಾಗ ಹೆಣ್ಣುಮಕ್ಕಳಿಗೆ ಬಾಯಿ ಇಲ್ಲೇನ್ರಿ?" ಎಂದಳು ಕಾಶಕ್ಕ. "ಬೇಕಾದ್ರ ಒಂದು ವಾರ ನಾನ ಬರ್ತೇನಿ. ಒಂದು ಬಸ್ಸಿನ ಹಾದಿ."

ಶಿವಯೋಗಿ ಸತ್ತ ಯಂತ್ರದ ಪಕ್ಕದಲ್ಲೇ ನಕ್ಷೆ ಹುಡುಕುತ್ತ ಇದನ್ನೆಲ್ಲ ಕೇಳಿಸಿಕೊಂಡ. ಪಿಂಗಾಣಿ ಬಿಲ್ಲೆ ಬೇಕಾಗಿರಲಿಲ್ಲ, ಅಲೆಗಳ ಲೆಕ್ಕ ಬೇಕಾಗಿರಲಿಲ್ಲ. ಕೇಳಿದ್ದನ್ನು ಗಟ್ಟಿಯಾಗಿ ಹೇಳುವ ಒಬ್ಬಳು, ಅವಳ ಹಿಂದೆ ಹೇಳುವ ಇನ್ನೊಬ್ಬಳು, ನಿಂತು ಕೇಳುವ ನಾಲ್ಕು ಮಂದಿ. ತಾನು ಹುಟ್ಟುವುದಕ್ಕೂ ಮುಂಚೆ, ಯಾವ ಊರಿನ ಯಾವ ಉದ್ಯಾನದಲ್ಲಾದರೂ, ಯಾವುದೇ ಒಂದು ಬೆಳಿಗ್ಗೆ ಇದು ಶುರುವಾಗಬಹುದಿತ್ತು. ಹೀಗೆ ಅಂದುಕೊಂಡಾಗ ಅವನಿಗೆ ಬೇಸರವಾಗಲಿಲ್ಲ. ಗಂಟಲಿನವರೆಗೆ ನಗು ಬಂದು ನಿಂತಿತು.

ಅವನು ನಕ್ಷೆ ಹಿಡಿದು ಹೊರಗೆ ಬಂದಾಗ ಮೂವರೂ ಒಮ್ಮೆಗೇ ಮುಖ ಬಿಗಿದುಕೊಂಡರು. ರೆಹಾನಾ ನಕ್ಷೆಯನ್ನು ತುಂಬ ಗೌರವದಿಂದ ಬಿಡಿಸಿ ನೋಡಿದರು. ನೀಲಾ ಬೂಟಿನ ಲೇಸನ್ನು ಬಿಗಿಗೊಳಿಸುತ್ತ, ತಲೆ ಎತ್ತದೆ ಕೇಳಿದಳು:

"ಅಣ್ಣಾ, ಯಂತ್ರ ಬರೋಬ್ಬರಿ ಐತಿಲ್ಲ?"

"ಬರೋಬ್ಬರಿ ಐತಿ," ಎಂದ ಅವನು.

ಅವಳು ಎದ್ದು ಹೊಂಗೆ ತಿರುವಿನ ಕಡೆ ಓಡಿದಳು. ಕಾಶಕ್ಕ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು. ಮರುದಿನವೂ ಅವನು ಬಂದು ಗುಂಡಿ ಒತ್ತಿದ, ಅದರ ಮರುದಿನವೂ. ಯಂತ್ರ ಕೆಟ್ಟದ್ದು ಮೊದಲ ಮಳೆಯ ಮರುದಿನದಿಂದಲೇ ತನಗೆ ಗೊತ್ತು ಎಂದು ಅವನು ಅವರಿಗೆ ಯಾವತ್ತೂ ಹೇಳಲಿಲ್ಲ.